ಪಡಿತರ ಚೀಟಿಯ ವರ್ಗ ಮತ್ತು ಶ್ರಾವಕನ ಲೆಕ್ಕ



2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ನಗರ ಮುಳುಗಿದಾಗ ನಾವಿರುವ ವೆಸ್ಟ್ ಮಾಂಬಲಂನ ತಗ್ಗಿನ ಬೀದಿಗಳಲ್ಲಿಯೂ ನೀರು ನಿಂತಿತ್ತು. ಆ ತಿಂಗಳ ಮಧ್ಯಭಾಗದಲ್ಲಿ ತಮಿಳುನಾಡು ಸರ್ಕಾರವು ಪೀಡಿತ ಕುಟುಂಬಗಳಿಗೆ ತಲಾ 6,000 ರೂಪಾಯಿ ಪರಿಹಾರವನ್ನು ಪಡಿತರ ಅಂಗಡಿಗಳ ಮೂಲಕವೇ ಹಂಚಿತು. ನೆರೆಹೊರೆಯವರೆಲ್ಲ ಟೋಕನ್ ಹಿಡಿದು ಹೋಗಿ ಹಣ ತಂದರು. ನಮ್ಮ ಸಮಾಜದ ಹಿರಿಯ ಶ್ರಾವಿಕೆಯೊಬ್ಬರಿಗೆ ಟೋಕನ್ ಬರಲಿಲ್ಲ. ಅವರು ತಮ್ಮ ಸ್ಮಾರ್ಟ್ ಕಾರ್ಡನ್ನು ಹಿಡಿದುಕೊಂಡು ನನ್ನ ಕಚೇರಿಗೆ ಬಂದರು.

ಕಾರ್ಡನ್ನು ನೋಡಿದೊಡನೆ ಕಾರಣ ತಿಳಿಯಿತು. ಅದು ಸಕ್ಕರೆ ಕಾರ್ಡು. ಅಂಥವರು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಾಗಿತ್ತು. ಅವರ ದಿವಂಗತ ಪತಿ ಟಿ. ನಗರದ ಜವಳಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. “ಅಕ್ಕಿ ಕಾರ್ಡು ಬಡವರದ್ದು, ನಮಗೆ ಯಾಕೆ ಅಂತ ಅವರು ಸಕ್ಕರೆ ಕಾರ್ಡನ್ನೇ ಮಾಡಿಸಿದ್ದರು ಮಗಾ. ಈಗ ನೋಡಿದರೆ ಅಕ್ಕಿಗೆ ದುಡ್ಡಿಲ್ಲದವಳು ನಾನೇ” ಎಂದರು. ಅರ್ಜಿಯನ್ನು ತುಂಬಿಕೊಟ್ಟೆ. ಆದರೆ ಅವರ ಮಾತು ನನ್ನನ್ನು ಬಿಡಲಿಲ್ಲ.

ಅದೇ ಚಳಿಗಾಲದಲ್ಲಿ ಊರಿನಿಂದ ಬಂದ ಬಂಧುವೊಬ್ಬರು ನಮ್ಮ ಮನೆಯಲ್ಲಿ ಉಳಿದಿದ್ದರು. ತೋಟವಿದೆ, ಪೇಟೆಯಲ್ಲಿ ಬಾಡಿಗೆ ಬರುವ ಕಟ್ಟಡವಿದೆ, ಮಗನ ಹೆಸರಿನಲ್ಲಿ ಕಾರಿದೆ. ಮಾತಿನ ನಡುವೆ ತಮ್ಮದು ಬಿಪಿಎಲ್ ಕಾರ್ಡೆಂದು ಸಹಜವಾಗಿಯೇ ಹೇಳಿದರು. ಆಶ್ಚರ್ಯಪಟ್ಟಾಗ, “ಆಸ್ಪತ್ರೆಗೆ ಬೇಕಾಗುತ್ತದೆ ಮಾರಾಯ್ರೆ, ಇರಲಿ ಅಂತ ಇಟ್ಟುಕೊಂಡಿದ್ದೇವೆ” ಎಂದರು. ಹಸಿದವರು ನಾಚಿಕೆಯಿಂದ ಕೇಳದಿರುವುದು, ಉಂಡವರು ಅಭ್ಯಾಸದಿಂದ ಪಡೆಯುತ್ತಿರುವುದು, ಈ ಎರಡೂ ನಮ್ಮ ಸಮಾಜದೊಳಗೇ ಇವೆ. ಈ ಎರಡಕ್ಕೂ ಮೂಲ ಒಂದೇ: ಪಡಿತರ ಚೀಟಿಯ ವರ್ಗವೆಂದರೇನು ಎಂಬುದನ್ನು ನಾವು ಅರಿತಿಲ್ಲ. ಅದನ್ನು ಕುಟುಂಬದ ಅಂತಸ್ತಿನ ಗುರುತೆಂದೋ, ಸಿಕ್ಕರೆ ಬಿಡಬಾರದ ಸವಲತ್ತೆಂದೋ ತಿಳಿದಿದ್ದೇವೆ. ವಾಸ್ತವದಲ್ಲಿ ಅದೊಂದು ಲೆಕ್ಕಪತ್ರ. ಲೆಕ್ಕಪತ್ರದಲ್ಲಿ ಇರಬೇಕಾದದ್ದು ಸತ್ಯವೊಂದೇ.

ಮೊದಲಿಗೆ ಕಾನೂನನ್ನು ನೋಡೋಣ. 1997ರವರೆಗೆ ದೇಶದ ಪಡಿತರ ವ್ಯವಸ್ಥೆ ಬಹುಮಟ್ಟಿಗೆ ಎಲ್ಲರಿಗೂ ತೆರೆದಿತ್ತು. ಆ ವರ್ಷ ಕೇಂದ್ರ ಸರ್ಕಾರವು ಬಡತನ ರೇಖೆಯ ಕೆಳಗಿನವರು, ಮೇಲಿನವರು ಎಂಬ ವಿಭಾಗವನ್ನು ತಂದಿತು. ಕಡುಬಡವರಿಗಾಗಿ ಅಂತ್ಯೋದಯ ಅನ್ನ ಯೋಜನೆ 2000ದ ಡಿಸೆಂಬರ್‌ನಲ್ಲಿ ಆರಂಭವಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅಂತ್ಯೋದಯ ಮತ್ತು ಆದ್ಯತಾ ಕುಟುಂಬ ಎಂಬ ಎರಡು ವರ್ಗಗಳಿಗೆ ಆಹಾರಧಾನ್ಯವನ್ನು ಹಕ್ಕಾಗಿ ನೀಡಿತು. ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ., ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯರಿಗೆ 5 ಕೆ.ಜಿ. ಆಗ ಅಕ್ಕಿಗೆ ಕೆ.ಜಿ.ಗೆ 3 ರೂ., ಗೋಧಿಗೆ 2 ರೂ. ದರವಿತ್ತು, 2023ರ ಜನವರಿಯಿಂದ ಈ ಧಾನ್ಯ ಪೂರ್ಣ ಉಚಿತವಾಗಿದೆ.

ಈ ಕಾಯ್ದೆಯು ಗ್ರಾಮೀಣ ಜನಸಂಖ್ಯೆಯ ಶೇ. 75, ನಗರ ಜನಸಂಖ್ಯೆಯ ಶೇ. 50ರವರೆಗೆ ಎಂದು ದೇಶಮಟ್ಟದಲ್ಲಿ ಮಿತಿಯನ್ನು ಹಾಕಿದೆ. ಆ ಮಿತಿಯೊಳಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ಮಾನದಂಡವನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿದೆ. ರಾಜ್ಯಗಳ ಪಾಲು ಇಂದಿಗೂ 2011ರ ಜನಗಣತಿಯ ಮೇಲೆಯೇ ನಿಂತಿದೆ. ಹೀಗಾಗಿ ಹೊಸದಾಗಿ ಬಡವರಾದ ಒಂದು ಕುಟುಂಬ ಕೇಂದ್ರದ ಪಟ್ಟಿಗೆ ಸೇರಬೇಕಾದರೆ ಹಲವೆಡೆ ಇನ್ನೊಂದು ಕುಟುಂಬ ಪಟ್ಟಿಯಿಂದ ಹೊರಬರಬೇಕು. ಮೇಲೆ ಹೇಳಿದ ಬಂಧುಗಳು ಗಮನಿಸಬೇಕಾದ ಮಾತಿದು. ಅವರು ಹಿಡಿದಿರುವ ಕಾರ್ಡು ಸರ್ಕಾರದ ಖಜಾನೆಯಿಂದ ಬಂದದ್ದಷ್ಟೇ ಅಲ್ಲ, ಸಾಲಿನಲ್ಲಿ ಹಿಂದೆ ನಿಂತಿರುವ ಇನ್ನೊಬ್ಬರ ಸ್ಥಾನವೂ ಹೌದು.

ಮಾನದಂಡಗಳನ್ನು ರಾಜ್ಯಗಳು ನಿರ್ಧರಿಸುವುದರಿಂದ ಆಗಿರುವ ವಿಚಿತ್ರವನ್ನು ಹಲವು ರಾಜ್ಯಗಳಲ್ಲಿ ಹರಡಿಕೊಂಡಿರುವ ನಮ್ಮಂಥ ಸಮಾಜ ಬೇಗನೆ ಕಾಣಬಲ್ಲದು. ಕೊಲ್ಲಾಪುರ, ಬೆಳಗಾವಿ ಮತ್ತು ಮಂಜೇಶ್ವರದಲ್ಲಿ ನೆಲೆಸಿರುವ ಮೂರು ಕನ್ನಡ ಜೈನ ಕುಟುಂಬಗಳನ್ನು ಊಹಿಸಿಕೊಳ್ಳಿ. ಮೂರರದ್ದೂ ತಿಂಗಳ ಆದಾಯ 9,000 ರೂಪಾಯಿ ಎಂದಿಟ್ಟುಕೊಳ್ಳಿ.

ಮಹಾರಾಷ್ಟ್ರದಲ್ಲಿ ಆದ್ಯತಾ ಕುಟುಂಬಕ್ಕೆ ನಗರದಲ್ಲಿ ವಾರ್ಷಿಕ 59,000, ಗ್ರಾಮಗಳಲ್ಲಿ 44,000 ರೂಪಾಯಿಯ ಮಿತಿಯಿದೆ. ಕೊಲ್ಲಾಪುರದ ಕುಟುಂಬದ ವಾರ್ಷಿಕ ಆದಾಯ 1,08,000. ಅದು ಆದ್ಯತೆಯಿಂದ ಹೊರಗೆ. ಅಷ್ಟೇ ಅಲ್ಲ, ಒಂದು ಲಕ್ಷ ಮೀರಿದವರಿಗೆ ಕೊಡುವ ಬಿಳಿ ಕಾರ್ಡಿನ ವರ್ಗಕ್ಕೆ ಸೇರಿಬಿಡುತ್ತದೆ. ಕರ್ನಾಟಕದಲ್ಲಿ ವಾರ್ಷಿಕ ಆದಾಯದ ಮಿತಿ 1,20,000. ಬೆಳಗಾವಿಯ ಕುಟುಂಬ ಆದ್ಯತೆಯ ಒಳಗಿದೆ, ಆದರೆ ತಿಂಗಳಿಗೆ ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಸಂಬಳವೇರಿದರೂ ಹೊರಬೀಳುತ್ತದೆ. ಕೇರಳದಲ್ಲಿ ಆದ್ಯತೆಯಿಂದ ಹೊರಗಿಡುವುದು ತಿಂಗಳಿಗೆ 25,000 ರೂಪಾಯಿ ಮೀರಿದ ಕುಟುಂಬಗಳನ್ನು, ಒಂದು ಎಕರೆಗಿಂತ ಹೆಚ್ಚು ಜಮೀನು, ಸಾವಿರ ಚದರಡಿಗಿಂತ ದೊಡ್ಡ ಮನೆ ಅಥವಾ ನಾಲ್ಕು ಚಕ್ರದ ಸ್ವಂತ ವಾಹನ ಇರುವವರನ್ನು. ಮಂಜೇಶ್ವರದ ಕುಟುಂಬ ಆದಾಯದ ಮಟ್ಟಿಗೆ ನಿಶ್ಚಿಂತೆಯಾಗಿ ಒಳಗಿದೆ. ಒಂದೇ ಬಡತನಕ್ಕೆ ಮೂರು ರಾಜ್ಯಗಳಲ್ಲಿ ಮೂರು ಹೆಸರು. ಹೀಗಿರುವಾಗ ಕಾರ್ಡಿನ ಬಣ್ಣವನ್ನು ಹೆಮ್ಮೆಗೋ ಅವಮಾನಕ್ಕೋ ಕಾರಣ ಮಾಡಿಕೊಳ್ಳುವುದು ಎಷ್ಟು ಅರ್ಥಹೀನ!

ನಾಲ್ಕನೆಯದು ನಮ್ಮ ಚೆನ್ನೈ. ತಮಿಳುನಾಡಿನ ದಾರಿಯೇ ಬೇರೆ. ಇಲ್ಲಿನ ಸ್ಮಾರ್ಟ್ ಕಾರ್ಡುಗಳ ಮೇಲೆ ಐದು ವಿಧದ ಗುರುತುಗಳಿವೆ. ‘ಪಿಎಚ್‌ಎಚ್’ ಎಂದರೆ ಆದ್ಯತಾ ಕುಟುಂಬ. ‘ಪಿಎಚ್‌ಎಚ್-ಎಎವೈ’ ಎಂದರೆ ಅಂತ್ಯೋದಯ. ‘ಎನ್‌ಪಿಎಚ್‌ಎಚ್’ ಎಂದರೆ ಆದ್ಯತೇತರ, ಆದರೆ ಅಕ್ಕಿಯುಂಟು. ‘ಎನ್‌ಪಿಎಚ್‌ಎಚ್-ಎಸ್’ ಎಂದರೆ ಅಕ್ಕಿಯನ್ನು ಬಿಟ್ಟು ಹೆಚ್ಚುವರಿ ಸಕ್ಕರೆಯನ್ನು ಆರಿಸಿಕೊಂಡವರು. ‘ಎನ್‌ಪಿಎಚ್‌ಎಚ್-ಎನ್‌ಸಿ’ ಎಂದರೆ ಯಾವ ಪದಾರ್ಥವನ್ನೂ ಪಡೆಯದೆ ಕಾರ್ಡನ್ನು ಗುರುತಿಗಾಗಿ ಮಾತ್ರ ಇಟ್ಟುಕೊಂಡವರು. 2011ರ ಜೂನ್‌ನಿಂದ ಅಕ್ಕಿ ಕಾರ್ಡಿನವರಿಗೆಲ್ಲ ಅಕ್ಕಿ ಉಚಿತ. ತೊಗರಿಬೇಳೆ ಕೆ.ಜಿ.ಗೆ 30 ರೂ., ಪಾಮ್ ಎಣ್ಣೆ ಲೀಟರಿಗೆ 25 ರೂ. ದರದಲ್ಲಿ ಸಿಗುತ್ತವೆ. ಎರಡು ಕೋಟಿಗೂ ಮಿಕ್ಕಿ ಕಾರ್ಡುಗಳಿರುವ ಈ ರಾಜ್ಯದಲ್ಲಿ ಅಕ್ಕಿ ಪಡೆಯಲು ಆದಾಯ ಪ್ರಮಾಣಪತ್ರ ತೋರಿಸಬೇಕಾಗಿಲ್ಲ. ಸಕ್ಕರೆಯೋ ಅಕ್ಕಿಯೋ ಎಂಬುದು ಕುಟುಂಬದ ಆಯ್ಕೆ. 2019ರ ನವೆಂಬರ್‌ನಲ್ಲಿ ಸಕ್ಕರೆ ಕಾರ್ಡನ್ನು ಅಕ್ಕಿ ಕಾರ್ಡಾಗಿ ಬದಲಿಸಿಕೊಳ್ಳಲು ಸರ್ಕಾರವೇ ಆಹ್ವಾನ ನೀಡಿತ್ತು. ಆ ಶ್ರಾವಿಕೆಯ ಮನೆಗೆ ಆ ಸುದ್ದಿ ತಲುಪಿರಲಿಲ್ಲ, ಅಥವಾ ತಲುಪಿದ್ದರೂ ಮರ್ಯಾದೆ ಅಡ್ಡ ಬಂದಿತ್ತು.

ತಮಿಳುನಾಡಿನಲ್ಲಿಯೂ ಗೆರೆ ಎಳೆಯುವ ಪ್ರಯತ್ನ ಆಗದೇ ಇಲ್ಲ. 2016ರ ನವೆಂಬರ್‌ನಲ್ಲಿ ರಾಜ್ಯವು ಕೇಂದ್ರದ ಕಾಯ್ದೆಯನ್ನು ಜಾರಿಗೆ ತಂದಿತು. ಮರುವರ್ಷ ಹೊರಡಿಸಿದ ನಿಯಮಗಳಲ್ಲಿ ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ ಕಟ್ಟುವವರು, ಕಾರು ಅಥವಾ ಹವಾನಿಯಂತ್ರಕ ಉಳ್ಳವರು, ವಾರ್ಷಿಕ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿರುವವರು ಆದ್ಯತಾ ಕುಟುಂಬವಾಗಲಾರರು ಎಂದಿತ್ತು. ಜನ ಗಾಬರಿಯಾದರು. ಆ ನಿಯಮ ಕೇಂದ್ರದ ವರ್ಗೀಕರಣಕ್ಕೆ ಮಾತ್ರ, ಅಂಗಡಿಯಲ್ಲಿ ಅಕ್ಕಿ ಎಲ್ಲರಿಗೂ ಮುಂದುವರಿಯುತ್ತದೆ ಎಂದು ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ಆದ್ಯತೇತರರಿಗೆ ಕೊಡುವ ಅಕ್ಕಿಯ ವೆಚ್ಚದ ಭಾರವನ್ನು ರಾಜ್ಯವೇ ಹೊರುತ್ತಿದೆ.

ಇದು ಪೋಲು ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಮಾಂಬಲಂನ ಅನುಕೂಲಸ್ಥ ಮನೆಗಳಲ್ಲಿ ಪಡಿತರದ ಅಕ್ಕಿಯನ್ನು ತಂದು ಮನೆಗೆಲಸದವರಿಗೆ ಕೊಡುವುದನ್ನು ನಾನೂ ಕಂಡಿದ್ದೇನೆ. ಆದರೆ ಗೆರೆ ಎಳೆದ ಕಡೆ ಏನಾಗುತ್ತದೆ ಎಂಬುದನ್ನೂ ನೋಡಿಯೇ ತೀರ್ಮಾನಕ್ಕೆ ಬರಬೇಕು.

2024ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಅನರ್ಹ ಬಿಪಿಎಲ್ ಕಾರ್ಡುಗಳನ್ನು ರದ್ದುಗೊಳಿಸುವ ಅಥವಾ ಎಪಿಎಲ್‌ಗೆ ಬದಲಿಸುವ ಕಾರ್ಯ ನಡೆಯಿತು. ಅಂಗಡಿಗೆ ಹೋದ ಮೇಲೆಯೇ ತಮ್ಮ ಕಾರ್ಡು ಹೋಗಿರುವುದು ಹಲವರಿಗೆ ತಿಳಿಯಿತು. ವಿರೋಧ ಹೆಚ್ಚಿದಾಗ, ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರ ಹೊರತು ಬೇರಾರ ಕಾರ್ಡನ್ನೂ ರದ್ದುಪಡಿಸಬಾರದು, ಅರ್ಹರಿಗೆ ಹಿಂದಿರುಗಿಸಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸೂಚಿಸಬೇಕಾಯಿತು. ಕಾರ್ಡು ಕಳೆದುಕೊಂಡ ಅನೇಕರು ಹೇಳಿದ ಮಾತು ಒಂದೇ: “ಸಾಲಕ್ಕಾಗಿ ಒಮ್ಮೆ ಐ.ಟಿ. ರಿಟರ್ನ್ಸ್ ಸಲ್ಲಿಸಿದ್ದೆವು.”

ಇಲ್ಲಿ ನನ್ನ ವೃತ್ತಿಯ ಮಾತು ಬರುತ್ತದೆ. ರಿಟರ್ನ್ಸ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಆಹಾರ ತಲುಪಿಸುವ ಹುಡುಗನ ಗಳಿಕೆಯಲ್ಲಿ ಕಂಪನಿಯು ಮೂಲದಲ್ಲೇ ಸ್ವಲ್ಪ ತೆರಿಗೆಯನ್ನು ಮುರಿದುಕೊಳ್ಳುತ್ತದೆ. ಅದನ್ನು ಹಿಂಪಡೆಯಲು ಅವನು ರಿಟರ್ನ್ಸ್ ಸಲ್ಲಿಸಲೇಬೇಕು. ಹೊಲಿಗೆ ಯಂತ್ರಕ್ಕೋ ಆಟೋರಿಕ್ಷಾಕ್ಕೋ ಸಾಲ ಬೇಕಾದ ತಾಯಿಗೆ ಬ್ಯಾಂಕು ಎರಡು ಮೂರು ವರ್ಷಗಳ ರಿಟರ್ನ್ಸ್ ಕೇಳುತ್ತದೆ. ಇಬ್ಬರೂ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿದವರಲ್ಲ. ಪ್ಯಾನ್ ಸಂಖ್ಯೆಯನ್ನು ಪಡಿತರದ ದತ್ತಾಂಶದೊಡನೆ ಹೊಂದಿಸುವ ಗಣಕಯಂತ್ರವು ಈ ವ್ಯತ್ಯಾಸವನ್ನು ಗುರುತಿಸದೆ ಹೋದರೆ ಬಡವನು ರಾತ್ರೋರಾತ್ರಿ ಸಿರಿವಂತನಾಗುತ್ತಾನೆ.

ನನ್ನ ವೃತ್ತಿಬಾಂಧವರ ತಪ್ಪನ್ನೂ ಮರೆಮಾಚಲಾರೆ. ಸಾಲದ ಅರ್ಜಿಗೆ ಬೇಕೆಂದು ಇಲ್ಲದ ಆದಾಯವನ್ನು ನಾಲ್ಕು ಲಕ್ಷವೆಂದು ಬರೆದುಕೊಡುವ ಲೆಕ್ಕಿಗರಿದ್ದಾರೆ. ಅದೇ ಕುಟುಂಬ ಅದೇ ವರ್ಷ ವಿದ್ಯಾರ್ಥಿವೇತನಕ್ಕಾಗಿ ತೊಂಬತ್ತು ಸಾವಿರವೆಂದು ಪ್ರಮಾಣಪತ್ರ ಮಾಡಿಸುತ್ತದೆ. ಹಿಂದೆ ಈ ಎರಡು ಕಾಗದಗಳು ಬೇರೆ ಬೇರೆ ಕಚೇರಿಗಳ ಕಡತಗಳಲ್ಲಿ ಮಲಗಿರುತ್ತಿದ್ದವು. ಆಧಾರ್ ಮತ್ತು ಪ್ಯಾನ್ ಜೋಡಣೆಯಾದ ಮೇಲೆ ಅವು ಒಂದರ ಮುಖವನ್ನೊಂದು ನೋಡುತ್ತಿವೆ. ಸಾಲಕ್ಕಾಗಿ ಹೇಳಿದ ಸುಳ್ಳಿನ ಬೆಲೆಯನ್ನು ಅಕ್ಕಿಯಲ್ಲಿ ತೆರಬೇಕಾಗಿ ಬಂದ ಕುಟುಂಬಗಳನ್ನು ನಾನು ಬಲ್ಲೆ.

ಆದಾಯ ಎಂಬ ಶಬ್ದಕ್ಕೆ ಸರ್ಕಾರದಲ್ಲಿ ಒಂದೇ ಅರ್ಥವಿಲ್ಲ ಎಂಬುದನ್ನೂ ಓದುಗರು ತಿಳಿದಿರಬೇಕು. ತಮಿಳುನಾಡಿನ ಆದ್ಯತಾ ಕುಟುಂಬಕ್ಕೆ ಒಂದು ಲಕ್ಷ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ, ಮಹಿಳೆಯರಿಗೆ ತಿಂಗಳಿಗೆ 1,000 ರೂಪಾಯಿ ನೀಡುವ ಕಲೈಞರ್ ಮಗಳಿರ್ ಉರಿಮೈ ತೊಗೈ ಯೋಜನೆಗೆ ಎರಡೂವರೆ ಲಕ್ಷ. ಕೇಂದ್ರದ ಆರ್ಥಿಕ ದುರ್ಬಲ ವರ್ಗದ ಮೀಸಲಾತಿಗೆ ಎಂಟು ಲಕ್ಷ. 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಇಲ್ಲ. ತಿಂಗಳಿಗೆ ತೊಂಬತ್ತು ಸಾವಿರ ಗಳಿಸುವವನು ತೆರಿಗೆ ಕಟ್ಟುವಷ್ಟು ಉಳ್ಳವನಲ್ಲವಂತೆ, ಹನ್ನೊಂದು ಸಾವಿರ ಗಳಿಸುವವನು ಪಡಿತರಕ್ಕೆ ಬಡವನಲ್ಲವಂತೆ! ಕರ್ನಾಟಕದಲ್ಲಿ ಅನೇಕ ಉದ್ಯೋಗಗಳಿಗೆ ಸರ್ಕಾರವೇ ನಿಗದಿಪಡಿಸಿದ ಕನಿಷ್ಠ ವೇತನವು ತಿಂಗಳಿಗೆ ಹತ್ತು ಸಾವಿರವನ್ನು ದಾಟಿದೆ. ಅಂದರೆ ಕಾನೂನಿನಂತೆ ವೇತನ ಪಡೆಯುವ ಕೂಲಿಕಾರನು ಬಿಪಿಎಲ್ ಮಿತಿಯನ್ನು ಮೀರುತ್ತಾನೆ. ಇಂಥ ಗೆರೆಯು ಪ್ರಾಮಾಣಿಕನನ್ನು ಸುಳ್ಳು ಹೇಳುವಂತೆ ಒತ್ತಾಯಿಸುತ್ತದೆ. ಈ ಮಾತನ್ನು ಯಾವ ಪಕ್ಷದ ಸರ್ಕಾರವಿದ್ದರೂ ನಾವು ಹೇಳಬೇಕು.

ಕಾರ್ಡನ್ನು ಬಿಡದಿರುವುದಕ್ಕೆ ಆ ಬಂಧುಗಳು ಕೊಟ್ಟ ಕಾರಣವನ್ನೂ ತಳ್ಳಿಹಾಕಲಾಗದು. ಕರ್ನಾಟಕದ ಆರೋಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಉಚಿತ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಒಂದು ಹೃದಯ ಶಸ್ತ್ರಚಿಕಿತ್ಸೆ ಮಧ್ಯಮ ವರ್ಗದ ಮನೆಯನ್ನೇ ಮಾರಿಸಬಲ್ಲದು. ಅನ್ನದ ಕಾರ್ಡಿಗೆ ಆಸ್ಪತ್ರೆ, ವಿದ್ಯಾರ್ಥಿವೇತನ, ನೆರೆ ಪರಿಹಾರ ಎಲ್ಲವನ್ನೂ ಕಟ್ಟಿದರೆ, ಅನ್ನ ಬೇಡದವನೂ ಕಾರ್ಡನ್ನು ಬಿಡಲಾರ. ಪರಿಹಾರವಿರುವುದು ಈ ಗಂಟನ್ನು ಬಿಡಿಸುವುದರಲ್ಲಿ. ಸುಳ್ಳು ಕಾರ್ಡಿಗೆ ಅದು ಸಮರ್ಥನೆಯಾಗದು.

ಧರ್ಮದ ದೃಷ್ಟಿಯಿಂದ ಹೇಳುವುದಾದರೆ ಶ್ರಾವಕಾಚಾರವು ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ರಾಜ್ಯದ ಕಟ್ಟಳೆಯನ್ನು ಮೀರುವುದೂ ಒಂದು, ಅಳತೆ ತೂಕಗಳಲ್ಲಿ ಮೋಸ ಮಾಡುವುದೂ ಒಂದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ ಬರೆಯುವುದು, ಹೆಸರಿಟ್ಟು ಹೇಳಲ್ಪಟ್ಟಿದೆ. ಪರ್ಯೂಷಣದಲ್ಲಿ, ದಶಲಕ್ಷಣದಲ್ಲಿ ಉಪವಾಸ ಮಾಡುವವರ ಮನೆಯಲ್ಲಿ ಸುಳ್ಳು ಆದಾಯ ಪ್ರಮಾಣಪತ್ರವಿರುವುದಾದರೆ ಆ ಉಪವಾಸದ ಅರ್ಥವೇನು? ಹಾಗೆಯೇ, ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಮೊದಲು ಹೇಳುವ ಸಮಾಜದಲ್ಲಿ ಹಸಿದ ಮುದುಕಿ ನಾಚಿಕೆಪಟ್ಟು ಕುಳಿತರೆ ಆ ನಾಚಿಕೆ ಯಾರದಾಗಬೇಕು?

ಜೈನರೆಂದರೆ ಸಿರಿವಂತರೆಂಬ ಮಾತು ಲೋಕದಲ್ಲಿದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮವರಲ್ಲಿ ಶೇ. 70ರಷ್ಟು ಮಂದಿ ದೇಶದ ಅತ್ಯಂತ ಅನುಕೂಲಸ್ಥ ಐದನೇ ಒಂದು ಭಾಗದಲ್ಲಿ ಕಂಡುಬಂದಿದ್ದರು. ನಾವು ಆ ಎಪ್ಪತ್ತನ್ನು ಸಂತೋಷದಿಂದ ಹೇಳುತ್ತೇವೆ. ಉಳಿದ ಮೂವತ್ತನ್ನು ಎಣಿಸುವುದಿಲ್ಲ. ಆ ಮೂವತ್ತರಲ್ಲಿ ಬಸದಿಯ ಪುರೋಹಿತರಿದ್ದಾರೆ, ಸಣ್ಣ ಹಿಡುವಳಿಯ ರೈತರಿದ್ದಾರೆ, ಅಂಗಡಿ ಗುಮಾಸ್ತರಿದ್ದಾರೆ, ಅಡುಗೆ ಕೆಲಸಕ್ಕೆ ಹೋಗುವ ತಾಯಂದಿರಿದ್ದಾರೆ. ಪಂಚಕಲ್ಯಾಣದ ಮೆರವಣಿಗೆಯಲ್ಲಿ ಎಲ್ಲರೂ ಒಂದೇ ಬಿಳಿ ವಸ್ತ್ರದಲ್ಲಿರುವುದರಿಂದ ಇವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಈ ಪತ್ರಿಕೆಯು ಸರ್ಕಾರಗಳ ಮುಂದೆ ಮೂರು ಬೇಡಿಕೆಗಳನ್ನಿಡುತ್ತದೆ. ಆದಾಯದ ಮಿತಿಯನ್ನು ಕನಿಷ್ಠ ವೇತನಕ್ಕೆ ಜೋಡಿಸಿ ಕಾಲಕಾಲಕ್ಕೆ ಪರಿಷ್ಕರಿಸಬೇಕು. ತೆರಿಗೆ ಕಟ್ಟಿದವರನ್ನೂ ಬರಿದೇ ರಿಟರ್ನ್ಸ್ ಸಲ್ಲಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕುಟುಂಬಕ್ಕೆ ಲಿಖಿತ ನೋಟಿಸು ಕೊಟ್ಟು, ಉತ್ತರ ಕೇಳಿದ ಮೇಲೆಯೇ ಕಾರ್ಡನ್ನು ರದ್ದುಪಡಿಸಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಅಕ್ಕಿಯ ಮಟ್ಟಿಗೆ ತಮಿಳುನಾಡಿನ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬೇಡದವರು ತಾವಾಗಿ ಬಿಡಲಿ. ಬೇಕಾದವರನ್ನು ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸಬೇಡಿ. ಸ್ವಲ್ಪ ಅಕ್ಕಿ ಅನುಕೂಲಸ್ಥರ ಮನೆಗೆ ಹೋಗುವ ನಷ್ಟಕ್ಕಿಂತ, ಅರ್ಹ ಕುಟುಂಬವೊಂದು ಕಾಗದದ ಕಾರಣಕ್ಕೆ ಹಸಿಯುವ ನಷ್ಟ ದೊಡ್ಡದು.

ನಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸವೂ ಇದೆ. ಈ ವಾರ ನಿಮ್ಮ ಕಾರ್ಡನ್ನು ತೆಗೆದು ವರ್ಗವನ್ನು ಓದಿ. ತೀರಿಕೊಂಡವರ, ಮದುವೆಯಾಗಿ ಹೋದವರ ಹೆಸರುಗಳಿದ್ದರೆ ತೆಗೆಸಿ, ಇ-ಕೆವೈಸಿ ಮುಗಿಸಿ. ಎರಡು ರಾಜ್ಯಗಳಲ್ಲಿ ಎರಡು ಕಾರ್ಡುಗಳಿದ್ದರೆ ಒಂದನ್ನು ಒಪ್ಪಿಸಿ. ಊರಿನ ಆದ್ಯತಾ ಅಥವಾ ಅಂತ್ಯೋದಯ ಕಾರ್ಡಿರುವವರು ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಚೆನ್ನೈಯ ಅಂಗಡಿಯಲ್ಲಿಯೂ ಬೆರಳಚ್ಚು ಕೊಟ್ಟು ಪಡೆಯಬಹುದು. ಕರ್ನಾಟಕ ತನ್ನ ಖರ್ಚಿನಲ್ಲಿ ಸೇರಿಸುವ ಪಾಲಾಗಲಿ, ತಮಿಳುನಾಡಿನ ಬೇಳೆ ಎಣ್ಣೆಗಳಾಗಲಿ ಇದರಲ್ಲಿ ಸೇರವು. ಎಪಿಎಲ್ ಕಾರ್ಡಿಗೆ ಈ ಸೌಲಭ್ಯವಿಲ್ಲ. ರಿಟರ್ನ್ಸ್ ಸಲ್ಲಿಸುವುದಾದರೆ ನಿಜವಾದ ಆದಾಯವನ್ನೇ ಬರೆಯಿಸಿ, ತೆರಿಗೆ ಶೂನ್ಯವೆಂದು ತೋರಿಸುವ ಪ್ರತಿಯನ್ನು ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಅನ್ಯಾಯವಾಗಿ ಕಾರ್ಡು ರದ್ದಾದರೆ ಸುಮ್ಮನಿರಬೇಡಿ. ಕಾಯ್ದೆಯಲ್ಲಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಯೂ, ಅವರ ಮೇಲೆ ರಾಜ್ಯ ಆಹಾರ ಆಯೋಗವೂ ಇವೆ. ಮತ್ತು ಅನುಕೂಲ ಬಂದ ದಿನ ಬಿಪಿಎಲ್ ಕಾರ್ಡನ್ನು ತಾವಾಗಿಯೇ ಹಿಂದಿರುಗಿಸಿ. ಅಪರಿಗ್ರಹವನ್ನು ಆಚರಿಸಲು ಇದಕ್ಕಿಂತ ಸುಲಭವಾದ ಅವಕಾಶ ಗೃಹಸ್ಥನಿಗೆ ಸಿಗಲಾರದು.

ಪ್ರತಿ ಊರಿನ ಜೈನ ಸಂಘವೂ ತಿಂಗಳಿಗೊಂದು ಭಾನುವಾರ ಒಂದು ಗಂಟೆ ಇದಕ್ಕಾಗಿ ಮೀಸಲಿಡಲಿ. ಲೆಕ್ಕ ಬಲ್ಲ ಒಬ್ಬರು, ಗಣಕಯಂತ್ರ ಬಲ್ಲ ಒಬ್ಬ ಯುವಕ ಅಥವಾ ಯುವತಿ ಕುಳಿತರೆ ಸಾಕು. ಬಂದವರ ಹೆಸರನ್ನು ಫಲಕದ ಮೇಲೆ ಬರೆಯಬೇಡಿ, ಛಾಯಾಚಿತ್ರ ತೆಗೆಯಬೇಡಿ. ನಾಚಿಕೆಯಿಂದ ಬಾರದಿರುವವರೇ ನಮಗೆ ಮುಖ್ಯ.

ಆ ಹಿರಿಯ ಶ್ರಾವಿಕೆ ಈಗ ಅಕ್ಕಿ ಕಾರ್ಡಿಗೆ ಬದಲಾಗಿದ್ದಾರೆ. ಮೊದಲ ತಿಂಗಳು ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರಂತೆ. ಕಳೆದ ತಿಂಗಳು ನಾನು ಅವರನ್ನು ಲೇಕ್ ವ್ಯೂ ರಸ್ತೆಯಲ್ಲಿ ಕಂಡಾಗ ಚೀಲ ಕೈಯಲ್ಲೇ ಇತ್ತು. “ಅಕ್ಕಿ ಈ ಸಲ ಚೆನ್ನಾಗಿದೆ ಮಗಾ, ಒಂದು ದಿನ ಊಟಕ್ಕೆ ಬಾ. ಸೂರ್ಯ ಮುಳುಗುವ ಮೊದಲು ಬರಬೇಕು, ನೆನಪಿರಲಿ” ಎಂದರು.